ಫೋನಲ್ಲಿ ಕೃಷ್ಣ ಚೌತಿ, ಲ್ಯಾಪ್‌ಟಾಪಲ್ಲಿ ಶುಕ್ಲ ತದಿಗೆ: ಸಿ ಯ ರೆಮ್‌ಕ್ವೋ ಕೊಡೋ ಭಾಗಲಬ್ಧ ಯಾಕೆ ಬೇರೆ ಬೇರೆ?

ತುಂಗಾತೀರ

ನಮಸ್ಕಾರ ಎಲ್ಲರಿಗೂ. ನಮ್ಮಜ್ಜ ಪಂಚಾಂಗ ಗುಣಿಸೋರು, ಈಗಲೂ ಸ್ಲೇಟು ಬಳಪ ಹಿಡ್ಕೊಂಡೇ ಲೆಕ್ಕ ಹಾಕ್ತಾರೆ, ಕಣ್ಣು ಮಂಜಾಗಿದೆ, ಅದಕ್ಕೆ ಅವರಿಗೋಸ್ಕರ ಸಿ ಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೀತಿದೀನಿ. ಚಂದ್ರನ ಸ್ಥಾನದಲ್ಲಿ ಸೂರ್ಯನ ಸ್ಥಾನ ಕಳೆದ್ರೆ ಬರೋ ಅಂತರನ 12 ಅಂಶದಿಂದ ಭಾಗಿಸ್ಬೇಕು, ಭಾಗಲಬ್ಧ ಅಂದ್ರೆ ಮುಗಿದು ಹೋದ ತಿಥಿಗಳು, ಶೇಷ ಅಂದ್ರೆ ಈಗ ನಡೀತಿರೋ ತಿಥಿಯಲ್ಲಿ ಎಷ್ಟು ದಾಟಿದೆ ಅಂತ. ನಂಗೆ ಎರಡೂ ಬೇಕು. ಮ್ಯಾತ್ ಲೈಬ್ರರಿ ಹುಡುಕ್ದಾಗ ಶೇಷ, ಭಾಗಲಬ್ಧ ಎರಡನ್ನೂ ಒಂದೇ ಸಲ ಕೊಡೋದು ರೆಮ್‌ಕ್ವೋ ಅಂತ ಸಿಕ್ತು, ಖುಷಿಯಿಂದ ಹಾಕ್ದೆ:

ಶೇಷ = ರೆಮ್‌ಕ್ವೋ(ಅಂತರ, 12.0, &ಲಬ್ಧ);
ತಿಥಿ = ಲಬ್ಧ + 1;

ಅಂತರ 220.5 ಕೊಟ್ಟೆ. ಫೋನಲ್ಲಿ ಟರ್ಮಕ್ಸ್ (ಲಿನಕ್ಸ್ ತರ ಆಜ್ಞೆ ಬರೆದು ಓಡಿಸೋ ಆ್ಯಪ್) ಒಳಗೆ ಕಂಪೈಲ್ ಮಾಡಿದ್ರೆ 19 ಬರತ್ತೆ, ಅಂದ್ರೆ ಕೃಷ್ಣ ಚೌತಿ, ಅಜ್ಜನ ಲೆಕ್ಕಕ್ಕೂ ಸರಿ. ಅದೇ ಫೈಲು ಉಬುಂಟು ಲ್ಯಾಪ್‌ಟಾಪಲ್ಲಿ 3 ಕೊಡತ್ತೆ, ಶುಕ್ಲ ತದಿಗೆ! ಶೇಷ ಮಾತ್ರ ಎರಡೂ ಕಡೆ 4.5. ನಮ್ಮಮ್ಮ ಸಂಕಷ್ಟಿ ಮಾಡೋರು, ಈ ಪ್ರೋಗ್ರಾಂ ನಂಬ್ಕೊಂಡು ಅವರ ಉಪವಾಸ ತಪ್ಪಬಾರದು. ಇನ್ನೊಂದು, 224 ಕೊಟ್ಟಾಗ ಫೋನು ಕೂಡ 20 ಅಂತು, ಅಜ್ಜ ಇಲ್ಲ ಇನ್ನೂ ಚೌತೀನೇ ಅಂತಾರೆ. ಮೂರು ದಿನದಿಂದ ಕೂತಿದೀನಿ, ಗೊತ್ತಿರೋರು ದಯವಿಟ್ಟು ಹೇಳಿ.

ಕೊಡಚಾದ್ರಿ_88

ಎರಡು ಬೇರೆ ಬೇರೆ ತೊಂದರೆ ಇದೆ ಇಲ್ಲಿ, ಒಂದರ ಮೇಲೆ ಒಂದು ಕೂತಿದೆ, ಬಿಡಿಸಿ ಹೇಳ್ತೀನಿ.

ಮೊದಲನೇದು. ರೆಮ್‌ಕ್ವೋ ಪೂರ್ತಿ ಭಾಗಲಬ್ಧ ಕೊಡ್ತೀನಿ ಅಂತ ಯಾವತ್ತೂ ಮಾತು ಕೊಟ್ಟಿಲ್ಲ. ಸಿ 99 ಸ್ಟ್ಯಾಂಡರ್ಡ್, ಅಂದ್ರೆ ಸಿ ಭಾಷೆಯ 1999 ರ ನಿಯಮಾವಳಿ, ಹೇಳೋದು ಇಷ್ಟೇ: ಪಾಯಿಂಟರ್ ಮೂಲಕ ಬರೋ ಸಂಖ್ಯೆಗೆ ಭಾಗಲಬ್ಧದ ಚಿಹ್ನೆ ಇರಬೇಕು, ಬೆಲೆಯಲ್ಲಿ ಕೊನೆಯ ಕೆಲವು ಬಿಟ್ ಸರಿ ಇರಬೇಕು, ಎಷ್ಟು ಬಿಟ್ ಅನ್ನೋದು ಲೈಬ್ರರಿ ಬರೆದವರ ಇಷ್ಟ, ಆದ್ರೆ 3 ಕ್ಕಿಂತ ಕಡಿಮೆ ಆಗಬಾರದು. ಉಬುಂಟುನಲ್ಲಿರೋ ಸಿ ಲೈಬ್ರರಿ ಜಿಲಿಬ್‌ಸಿ ಕೊನೆಯ 3 ಬಿಟ್ ಲೆಕ್ಕ ಮಾತ್ರ ಇಟ್ಕೊಳತ್ತೆ. ನಿಮ್ಮ 18 ನ 8 ರಿಂದ ಭಾಗಿಸಿದ್ರೆ ಉಳಿಯೋದು 2, ಅದಕ್ಕೆ 1 ಕೂಡಿಸಿದ್ರಿ, 3 ಬಂತು. ಆಂಡ್ರಾಯ್ಡ್ ಒಳಗಿನ ಸಿ ಲೈಬ್ರರಿ ಬಯಾನಿಕ್ ಈ ಫಂಕ್ಷನ್‌ನ ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಮ್ ಇಂದ ತಗೊಂಡಿದೆ, ಅದು 31 ಬಿಟ್ ತನಕ ಇಟ್ಕೊಳತ್ತೆ, ಅದಕ್ಕೆ ಫೋನಲ್ಲಿ 18 ಪೂರ್ತಿ ಬಂತು. ಎರಡೂ ಸ್ಟ್ಯಾಂಡರ್ಡ್ ಪ್ರಕಾರ ಸರಿಯೇ! ಫೋನಲ್ಲಿ ಸರಿ ಬಂದಿದ್ದು ನಿಮ್ಮ ಅದೃಷ್ಟ ಅಷ್ಟೇ, ಅದನ್ನ ನೆಚ್ಕೋಬೇಡಿ.

ಎರಡನೇದು ಇನ್ನೂ ಮುಖ್ಯ. ರೆಮ್‌ಕ್ವೋ, ರಿಮೇಂಡರ್ ಎರಡೂ ಭಾಗಲಬ್ಧನ ಕೆಳಗೆ ಕತ್ತರಿಸಲ್ಲ, ಹತ್ತಿರದ ಪೂರ್ಣಾಂಕಕ್ಕೆ ಹೋಗ್ತವೆ. 224 ಭಾಗಿಸು 12 ಅಂದ್ರೆ 18.67, ಹತ್ತಿರದ್ದು 19, ಶೇಷ 224 ಕಳೆ 228, ಮೈನಸ್ 4. ನೋಡಿ, ಶೇಷ ಮೈನಸ್ ಬಂದಿರತ್ತೆ, ನೀವು ಗಮನಿಸಿಲ್ಲ ಅನ್ಸತ್ತೆ. ತಿಥಿ ಅರ್ಧ ದಾಟಿದ ಕೂಡಲೇ ಇದು ಮುಂದಿನ ತಿಥಿಗೆ ಹಾರಿಬಿಡತ್ತೆ. ಅಜ್ಜ ಹೇಳಿದ್ದೇ ಸರಿ. ನಿಮಗೆ ಬೇಕಿರೋದು ಎಫ್‌ಮಾಡ್, ಅದು ಭಾಗಲಬ್ಧನ ಕತ್ತರಿಸಿ ಶೇಷ ಕೊಡತ್ತೆ.

ಐದನೇ_ಸೆಮ್

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ ಅಣ್ಣಾ, ಶೇಷಕ್ಕೆ ಪರ್ಸೆಂಟ್ ಚಿಹ್ನೆ ಇದೆಯಲ್ವಾ, ಅದನ್ನೇ ಹಾಕಿದ್ರೆ ಆಗಲ್ವಾ? ನಮ್ಮ ಲ್ಯಾಬಲ್ಲಿ ಹಾಕ್ದೆ ಎರರ್ ಬಂತು. ಆಮೇಲೆ ಎಫ್‌ಮಾಡ್(5.5, 2.0) ಅಂತ ಹಾಕ್ದೆ ಓಡ್ತು, 1.5 ಬಂತು, ಅದೇ ಪ್ರೋಗ್ರಾಂಗೆ ಸ್ಕ್ಯಾನೆಫ್ ಇಂದ ಸಂಖ್ಯೆ ತಗೊಂಡ ತಕ್ಷಣ "ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಫ್‌ಮಾಡ್" ಅಂತ ಬಂತು. ಒಂದೇ ಫಂಕ್ಷನ್ ಒಂದ್ಸಲ ಇದೆ ಒಂದ್ಸಲ ಇಲ್ಲ ಅಂದ್ರೆ ಹೇಗೆ?

ನೇತ್ರಾವತಿ

ಒಳ್ಳೆ ಪ್ರಶ್ನೆ ಮಾರಾಯ್ರೆ, ಕ್ಷಮೆ ಯಾಕೆ ಕೇಳೋದು. ಸಿ ಯಲ್ಲಿ ಪರ್ಸೆಂಟ್ ಚಿಹ್ನೆ ಪೂರ್ಣಾಂಕಕ್ಕೆ ಮಾತ್ರ, ಡಬಲ್ (64 ಬಿಟ್‌ನ ದಶಾಂಶ ಸಂಖ್ಯೆ) ಕೊಟ್ರೆ ಜಿಸಿಸಿ ಕಂಪೈಲರ್ ಕಂಪೈಲೇ ಮಾಡೂದಿಲ್ಲ. ಜಾವಾಸ್ಕ್ರಿಪ್ಟ್, ಜಾವಾದಲ್ಲಿ ಅದೇ ಚಿಹ್ನೆ ದಶಾಂಶಕ್ಕೂ ನಡೀತದೆ, ಉತ್ತರವೂ ಎಫ್‌ಮಾಡ್ ತರವೇ ಬರ್ತದೆ. ಪೈಥಾನಲ್ಲಿ ಭಾಜಕದ ಚಿಹ್ನೆ ಬರ್ತದೆ, ಅದು ಬೇರೆ ಕತೆ. ಸಿ ಯಲ್ಲಿ (ಇಂಟ್) ಅಂತ ಹಾಕಿ ಪೂರ್ಣಾಂಕ ಮಾಡಿ ಆಮೇಲೆ ಪರ್ಸೆಂಟ್ ಹಾಕುವವರೂ ಇದ್ದಾರೆ, ಹಾಗೆ ಮಾಡಿದ್ರೆ ದಶಾಂಶ ಭಾಗ ಮೊದಲೇ ಹೋಗಿರ್ತದೆ, ತಿಥಿ ಎಷ್ಟು ಉಳಿದಿದೆ ಅಂತ ಹೇಳ್ಲಿಕ್ಕೇ ಆಗೂದಿಲ್ಲ.

ಎರಡನೇ ಪ್ರಶ್ನೆ: ನೀವು 5.5, 2.0 ಅಂತ ನೇರ ಬರೆದಾಗ ಜಿಸಿಸಿ ಕಂಪೈಲ್ ಮಾಡುವಾಗಲೇ ಲೆಕ್ಕ ಮಾಡಿ 1.5 ಅಂತ ಕೂರಿಸಿಬಿಡ್ತದೆ, ಎಫ್‌ಮಾಡ್‌ನ ಕರೆಯುವ ಪ್ರಸಂಗವೇ ಬರೂದಿಲ್ಲ. ಸಂಖ್ಯೆ ಹೊರಗಿಂದ ಬಂದಾಗ ನಿಜವಾದ ಫಂಕ್ಷನ್ ಬೇಕು, ಅದು ಮ್ಯಾತ್ ಲೈಬ್ರರಿಯಲ್ಲಿದೆ, ಲಿನಕ್ಸಲ್ಲಿ ಅದನ್ನ ಬೇರೆಯಾಗಿ ಜೋಡಿಸ್ಬೇಕು. ಕಂಪೈಲ್ ಸಾಲಿನ ಕೊನೆಗೆ ಮೈನಸ್ ಎಲ್ಎಮ್ ಹಾಕಿ. ಕೊನೆಗೇ ಹಾಕಿ, ಫೈಲ್ ಹೆಸರಿಗಿಂತ ಮೊದಲು ಹಾಕಿದ್ರೆ ಎಷ್ಟೋ ಸಲ ಪ್ರಯೋಜನ ಇಲ್ಲ.

ಇನ್ನೊಂದು ವಿಷಯ, ಹೊಸ ಲ್ಯಾಪ್‌ಟಾಪಲ್ಲಿ ಕಂಪೈಲ್ ಮಾಡಿ ಲ್ಯಾಬಿನ ಹಳೇ ಮೆಷಿನಿಗೆ ಒಯ್ದು ಓಡಿಸಿದ್ರೆ ಜಿಲಿಬ್‌ಸಿ 2.38 ಇಲ್ಲ ಅಂತ ಬೈದೀತು. 2023 ರ ಆ ಆವೃತ್ತಿಯಲ್ಲಿ ಎಫ್‌ಮಾಡ್‌ನ ಹೊಸದಾಗಿ ಬರೆದಿದ್ದಾರೆ, ವೇಗವೂ ಹೆಚ್ಚಾಗಿದೆ, ಅದಕ್ಕೆ ಹೊಸ ಆವೃತ್ತಿ ಗುರುತೂ ಅಂಟಿಸಿದ್ದಾರೆ. ಹಾಗಾಗಿ ಹಳೇ ಮೆಷಿನಲ್ಲೇ ಇನ್ನೊಂದ್ಸಲ ಕಂಪೈಲ್ ಮಾಡಿ, ಸರಿಯಾಗ್ತದೆ.

ತುಂಗಾತೀರ

ಕೊಡಚಾದ್ರಿ ಸರ್ ತುಂಬಾ ಧನ್ಯವಾದ, ಮೈನಸ್ 4 ಬಂದಿತ್ತು ನಿಜ, ನಾನು ಪ್ರಿಂಟ್ ಮಾಡಿದ್ದು ಲಬ್ಧ ಮಾತ್ರ. ಆದ್ರೆ ಒಂದು ಅರ್ಥ ಆಗ್ತಿಲ್ಲ, 3 ಬಿಟ್ ಮಾತ್ರ ಕೊಡೋ ಭಾಗಲಬ್ಧ ಯಾರಿಗೆ ಬೇಕು? ಅರ್ಧ ಉತ್ತರ ಕೊಡೋಕೆ ಒಂದು ಫಂಕ್ಷನ್ ಯಾಕೆ ಇಟ್ರು?

ಮಲಪ್ರಭಾ

ಇದರ ಉತ್ತರ ನಂಗ ಭಾಳ ಇಷ್ಟದ್ದು, ಸ್ವಲ್ಪ ಉದ್ದ ಆದ್ರೂ ಓದ್ರಿ.

1980 ರಾಗ ಇಂಟೆಲ್ 8087 ಅಂತ ಒಂದು ಚಿಪ್ ತಂದ್ರು, ದಶಾಂಶದ ಲೆಕ್ಕಕ್ಕಂತನ ಬ್ಯಾರೆ ಚಿಪ್. ಅದರಾಗ ಎಫ್‌ಪ್ರೆಮ್ ಅಂತ ಒಂದು ಆಜ್ಞೆ ಐತಿ, ಪೂರ್ತಿ ಹೆಸರು ಪಾರ್ಷಿಯಲ್ ರಿಮೇಂಡರ್, ಭಾಗಶಃ ಶೇಷ. ಯಾಕ ಭಾಗಶಃ ಅಂದ್ರ, ಭಾಜ್ಯ ಭಾಳ ದೊಡ್ಡದು ಭಾಜಕ ಭಾಳ ಸಣ್ಣದು ಇದ್ರ ಒಂದ ಏಟಿಗೆ ಮುಗಿಯೂದಿಲ್ಲ. ನಾವು ಸಾಲಿಯೊಳಗ ಉದ್ದ ಭಾಗಾಕಾರ ಮಾಡ್ತಿದ್ವಲ್ಲ, ಒಂದೊಂದ ಅಂಕಿ ಇಳಿಸಿಕೊಂಡು ಕಳಿಯೂದು, ಅದ ಕೆಲಸಾನ ಎರಡರ ಪದ್ಧತಿಯೊಳಗ ಮಾಡ್ತೈತಿ. ಡಬಲ್ ಒಳಗ ಅತಿ ದೊಡ್ಡ ಸಂಖ್ಯಾನ ಅತಿ ಸಣ್ಣದರಿಂದ ಭಾಗಿಸಿದ್ರ 2 ಸಾವಿರಕ್ಕಿಂತ ಹೆಚ್ಚು ಹೆಜ್ಜಿ ಆಗ್ತಾವ. ಅಷ್ಟೊತ್ತು ಪ್ರೊಸೆಸರ್ ಒಂದ ಆಜ್ಞೆದಾಗ ಸಿಕ್ಕೊಂಡು ಕೂತ್ರ ಬ್ಯಾರೆ ಕೆಲಸ ನಿಂತಬಿಡ್ತಾವ. ಅದಕ್ಕ ಒಂದ ಸಲಕ್ಕ ಘಾತಾಂಕ ಹೆಚ್ಚಂದ್ರ 63 ಇಳಿಸಿ, ಇನ್ನೂ ಮುಗಿದಿಲ್ಲ ಅಂತ ಸಿ2 ಅನ್ನೂ ಧ್ವಜ ಏರಿಸ್ತೈತಿ. ಪ್ರೋಗ್ರಾಂ ಆ ಧ್ವಜ ಇಳಿಯೂತನಕ ಮತ್ತ ಮತ್ತ ಕರೀಬೇಕು.

ಈಗ 3 ಬಿಟ್ ಎಲ್ಲಿಂದ ಬಂದ್ವು ನೋಡ್ರಿ. ಆ ಆಜ್ಞೆ ಮುಗಿದಾಗ ಭಾಗಲಬ್ಧದ ಕೊನೆ 3 ಬಿಟ್ ಸಿ0, ಸಿ3, ಸಿ1 ಅನ್ನೂ ಉಳಿದ ಮೂರು ಧ್ವಜದಾಗ ಬರ್ತಾವ. ಯಾಕ ಮೂರ ಸಾಕು ಅಂದ್ರ ಸೈನ್, ಕೊಸೈನ್ ಸಲುವಾಗಿ. ಯಾವ ಕೋನ ಬಂದ್ರೂ ಪೈ ಭಾಗಿಸು 4 ರಿಂದ ಶೇಷ ತಗದು ಸಣ್ಣದು ಮಾಡಿಕೊಂಡ್ರ, ವರ್ತುಲದ 8 ಭಾಗದಾಗ ಯಾವುದರೊಳಗ ಅದೀವಿ ಅನ್ನೂದಷ್ಟ ಬೇಕು, ಎಷ್ಟು ಸುತ್ತು ಸುತ್ತಿ ಬಂದ್ವಿ ಅನ್ನೂದು ಬ್ಯಾಡ. ಎಂಟು ಭಾಗಕ್ಕ ಮೂರು ಬಿಟ್. ಅಷ್ಟ! ಸಿ 99 ಬರುವಾಗ ಈ ಉಪಯೋಗಾನ ಫಂಕ್ಷನ್ ರೂಪದಾಗ ತಂದ್ರು. ಮೊಟೊರೋಲಾದ 68881 ಚಿಪ್ಪಿನಾಗ 7 ಬಿಟ್ ಸಿಗ್ತಿದ್ವು, ಹಿಂಗ ಒಬ್ಬೊಬ್ಬರ ಯಂತ್ರದಾಗ ಒಂದೊಂದು ಲೆಕ್ಕ ಇತ್ತು, ಸ್ಟ್ಯಾಂಡರ್ಡ್‌ನವರು "ಕನಿಷ್ಠ 3" ಅಂದ್ರು.

ಹತ್ತಿರದ ಪೂರ್ಣಾಂಕಕ್ಕ ಹೋಗೂ ಪದ್ಧತಿ ಐಇಇಇ 754 ದು, ದಶಾಂಶ ಲೆಕ್ಕಕ್ಕಂತ ಬಂದ 1985 ರ ಸ್ಟ್ಯಾಂಡರ್ಡ್. ಅದರ ಹಿಂದಿದ್ದ ದೊಡ್ಡ ತಲಿ ವಿಲಿಯಂ ಕಹಾನ್ ಅವರು, 8087 ಕ್ಕೂ ಇಂಟೆಲ್‌ಗೆ ಸಲಹಾ ಕೊಟ್ಟವರು ಅವರ, 1989 ರಾಗ ಟ್ಯೂರಿಂಗ್ ಪ್ರಶಸ್ತಿ ಬಂತು. ಮೂಲ 8087 ರ ಎಫ್‌ಪ್ರೆಮ್ ಕತ್ತರಿಸೂ ಪದ್ಧತಿದು, ಅಂದ್ರ ನಮ್ಮ ಎಫ್‌ಮಾಡ್ ಇದ್ದಂಗ. ಸ್ಟ್ಯಾಂಡರ್ಡ್ ಕೇಳಿದ್ದು ಹತ್ತಿರದ್ದು. ಅದಕ್ಕ 80387 ರಾಗ ಎಫ್‌ಪ್ರೆಮ್1 ಅಂತ ಎರಡನೇದು ಸೇರಿಸಿದ್ರು. ಸಿ ಒಳಗ ಇವತ್ತಿಗೂ ಎಫ್‌ಮಾಡ್, ರಿಮೇಂಡರ್ ಅಂತ ಎರಡು ಇರೂದನ್ನ ನೋಡಿದಾಗೆಲ್ಲ ನಂಗ ಆ ಎರಡು ಆಜ್ಞೆ ನೆನಪಾಗ್ತಾವ.

ಎಂಬೆಡೆಡ್_ಮೈಸೂರು

ಮಲಪ್ರಭಾ ಅವರೇ ತುಂಬಾ ಚೆನ್ನಾಗಿ ಹೇಳಿದ್ರಿ. ಹತ್ತಿರದ ಪೂರ್ಣಾಂಕದ ಶೇಷ ಯಾರಿಗೆ ಬೇಕು ಅನ್ನೋದಕ್ಕೆ ನನ್ನ ಕೆಲಸದ ಒಂದು ಅನುಭವ ಸೇರಿಸ್ತೀನಿ. ಹಿಂದೆ ಇದ್ದ ಕಂಪನಿಯಲ್ಲಿ ತಿರುಗೋ ಟೇಬಲ್ ಒಂದರ ಮೋಟರ್ ಕಂಟ್ರೋಲ್ ನೋಡ್ಕೋತಿದ್ದೆ. ಟೇಬಲ್ 350 ಅಂಶದಲ್ಲಿದೆ, 10 ಕ್ಕೆ ಹೋಗ್ಬೇಕು. ಹಳೇ ಕೋಡು ಎಫ್‌ಮಾಡ್(10 - 350, 360) ಮಾಡಿತ್ತು, ಬಂದಿದ್ದು ಮೈನಸ್ 340, ಟೇಬಲ್ಲು 20 ಅಂಶ ಮುಂದೆ ಹೋಗೋ ಬದಲು ಇಡೀ ಸುತ್ತು ಹಿಂದಕ್ಕೆ ತಿರುಗ್ತು, ಮೇಲಿದ್ದ ವೈರೆಲ್ಲಾ ಸುತ್ಕೊಂಡು ಕಿತ್ತು ಬಂತು. ಪಕ್ಕದಲ್ಲಿ ಯಾರೂ ಇರ್ಲಿಲ್ಲ ಪುಣ್ಯಕ್ಕೆ. ರಿಮೇಂಡರ್(-340, 360) ಹಾಕಿದ ಮೇಲೆ ನೇರವಾಗಿ 20 ಬಂತು. ಹತ್ತಿರದ ದಾರಿ ಬೇಕಾದಾಗ ರಿಮೇಂಡರ್, ಎಲ್ಲಿಂದ ಶುರುವಾಗಿ ಎಷ್ಟು ದಾಟಿದೆ ಅನ್ನೋದು ಬೇಕಾದಾಗ ಎಫ್‌ಮಾಡ್, ನಾನು ಹೀಗೆ ನೆನಪಿಟ್ಕೊಂಡಿದೀನಿ.

ರಿಮೇಂಡರ್‌ನಲ್ಲೂ ಒಂದು ಸೂಕ್ಷ್ಮ ಇದೆ. ಸರಿಯಾಗಿ ಅರ್ಧಕ್ಕೆ ಬಂದಾಗ ಸಮ ಸಂಖ್ಯೆ ಕಡೆ ವಾಲತ್ತೆ. 180 ನ 360 ರಿಂದ ಭಾಗಿಸಿದ್ರೆ 0.5, ಸಮ ಅಂದ್ರೆ 0, ಶೇಷ ಪ್ಲಸ್ 180. 540 ಕೊಟ್ರೆ 1.5, ಸಮ ಅಂದ್ರೆ 2, ಶೇಷ ಮೈನಸ್ 180. ಒಂದೇ ದಿಕ್ಕು, ಎರಡು ಉತ್ತರ. ನಾನು ಮೈನಸ್ 180 ಬಂದ್ರೆ ಪ್ಲಸ್ 180 ಅಂತ ಕೈಯಾರೆ ಬದಲಾಯಿಸ್ತಿದ್ದೆ.

ತುಂಗಾತೀರ

ವೈರ್ ಕಿತ್ತು ಬಂದಿದ್ದು ಓದಿ ಎದೆ ಝಲ್ ಅಂತು ಸರ್.

ಎಫ್‌ಮಾಡ್‌ಗೆ ಬದಲಾಯಿಸ್ದೆ. ಲಬ್ಧಕ್ಕೆ ಅಂತರ / 12.0 ಮಾಡಿ ಫ್ಲೋರ್ (ಕೆಳಗಿನ ಪೂರ್ಣಾಂಕ) ತಗೊಂಡೆ, ಶೇಷಕ್ಕೆ ಎಫ್‌ಮಾಡ್. ತಿಥಿ ಈಗ ಎರಡೂ ಕಡೆ ಸರಿ. ಅದೇ ತರ ನಕ್ಷತ್ರಕ್ಕೂ ಮಾಡ್ದೆ, ಭಾಜಕ 360 / 27.0. ಚಂದ್ರ ಸರಿಯಾಗಿ 40 ಅಂಶದಲ್ಲಿದ್ದಾಗ ಏನಾಗ್ಬೇಕು, ಕೃತ್ತಿಕೆ ಮುಗಿದು ರೋಹಿಣಿ ಶುರು, ಶೇಷ 0. ಫ್ಲೋರ್ 3 ಅಂತು, ಅಂದ್ರೆ ರೋಹಿಣಿ, ಸರಿ. ಆದ್ರೆ ಎಫ್‌ಮಾಡ್ ಶೇಷ 13.333333333333332 ಅಂತು! ರೋಹಿಣಿ ಶುರುವೂ ಹೌದು, ರೋಹಿಣಿ ಮುಗೀತು ಅಂತಾನೂ ಹೌದು. ಎಫ್‌ಮಾಡ್‌ನಲ್ಲಿ ತಪ್ಪಿದೆಯಾ?

ಕೊಡಚಾದ್ರಿ_88

ಎಫ್‌ಮಾಡ್ ತಪ್ಪು ಮಾಡಲ್ಲ. ಇದನ್ನ ಒತ್ತಿ ಹೇಳ್ತಿದೀನಿ, ಯಾಕಂದ್ರೆ ತುಂಬಾ ಜನ ಎಫ್‌ಮಾಡ್ ನಂಬಬೇಡಿ ಅಂತ ಹೇಳ್ಕೊಂಡು ಓಡಾಡ್ತಾರೆ. ಕೂಡೋದು, ಗುಣಿಸೋದು, ಭಾಗಿಸೋದು ಎಲ್ಲದರಲ್ಲೂ ಕೊನೆಗೆ ಸಂಖ್ಯೆನ ಡಬಲ್‌ನಲ್ಲಿ ಹಿಡಿಯೋ ಹಾಗೆ ದುಂಡು ಮಾಡ್ಬೇಕಾಗತ್ತೆ. ಎಫ್‌ಮಾಡ್, ರಿಮೇಂಡರ್ ಎರಡರಲ್ಲಿ ಅದರ ಅಗತ್ಯಾನೇ ಬರಲ್ಲ, ಕೊಟ್ಟ ಎರಡು ಡಬಲ್‌ಗಳ ನಿಜವಾದ ಶೇಷ ಯಾವತ್ತೂ ಡಬಲ್‌ನಲ್ಲಿ ಸರಿಯಾಗಿ ಕೂರತ್ತೆ.

ತೊಂದರೆ ಇರೋದು ನೀವು ಕೊಟ್ಟ ಭಾಜಕದಲ್ಲಿ. 360 ಭಾಗಿಸು 27 ಅಂದ್ರೆ 13.333 ಹೀಗೆ ಮುಗಿಯದೆ ಹೋಗೋ ಸಂಖ್ಯೆ, ಡಬಲ್‌ನಲ್ಲಿ ಕೂತಿರೋದು ಸುಮಾರು 13.3333333333333339, ಕೂದಲೆಳೆಯಷ್ಟು ಜಾಸ್ತಿ. ಅದರ ಮೂರರಷ್ಟು 40 ದಾಟಿಬಿಡತ್ತೆ. ಹಾಗಾಗಿ ಎಫ್‌ಮಾಡ್ ಕಣ್ಣಿಗೆ 40 ರಲ್ಲಿ ಭಾಜಕ ಎರಡೇ ಸಲ ಪೂರ್ತಿ ಹೋಗತ್ತೆ, ಶೇಷ 13.33 ಉಳಿಯತ್ತೆ, ಅದು ಪ್ರಾಮಾಣಿಕ ಉತ್ತರ. ಭಾಗಾಕಾರ ಏನು ಮಾಡ್ತು? ನಿಜವಾದ ಭಾಗಲಬ್ಧ 2.9999999999999998 ಚಿಲ್ಲರೆ, ಅಷ್ಟು ಸೂಕ್ಷ್ಮ ಹಿಡಿಯೋ ಜಾಗ ಅಲ್ಲಿಲ್ಲ, 3.0 ಗೆ ದುಂಡಾಯ್ತು, ಫ್ಲೋರ್ 3 ಕೊಡ್ತು. ಲಬ್ಧ ಒಂದು ಭಾಗಾಕಾರದ್ದು, ಶೇಷ ಇನ್ನೊಂದು ಭಾಗಾಕಾರದ್ದು. ಅಜ್ಜನ ಸ್ಲೇಟಲ್ಲಿ ಹೀಗಾಗಲ್ಲ, ಅವರು ಒಂದೇ ಸಲ ಭಾಗಿಸಿ ಎರಡನ್ನೂ ಅಲ್ಲಿಂದಲೇ ಎತ್ಕೋತಾರೆ. ನೀವೂ ಹಾಗೇ ಮಾಡಿ. ಮೊದಲು ಎಫ್‌ಮಾಡ್‌ನಿಂದ ಶೇಷ ತಗೊಳ್ಳಿ, ಆಮೇಲೆ

ಲಬ್ಧ = ರೌಂಡ್((ಭಾಜ್ಯ - ಶೇಷ) / ಭಾಜಕ);

ಭಾಜ್ಯದಲ್ಲಿ ಶೇಷ ಕಳೆದ ಮೇಲೆ ಉಳಿಯೋದು ಭಾಜಕದ ಪೂರ್ಣ ಗುಣಕದ ಪಕ್ಕದಲ್ಲೇ ಇರತ್ತೆ, ಅದಕ್ಕೆ ಇಲ್ಲಿ ಫ್ಲೋರ್ ಬೇಡ, ರೌಂಡ್ ಬೇಕು. ಪೈಥಾನ್‌ನ ಡಿವ್‌ಮಾಡ್ ಒಳಗೂ ಮೊದಲು ಎಫ್‌ಮಾಡ್, ಆಮೇಲೆ ಇದೇ ತರ ಕಳೆದು ಭಾಗಿಸೋದು.

ಆದ್ರೆ ನಿಮ್ಮ ಕೇಸಿಗೆ ಇದಕ್ಕಿಂತ ಒಳ್ಳೆ ದಾರಿ ಅಜ್ಜನ ಹತ್ರಾನೇ ಇರತ್ತೆ, ಅವರು ನಕ್ಷತ್ರಕ್ಕೆ ಎಷ್ಟರಿಂದ ಭಾಗಿಸ್ತಾರೆ ಕೇಳಿ ನೋಡಿ.

ತುಂಗಾತೀರ

ಕೇಳ್ದೆ. "ಎಂಟುನೂರು" ಅಂದ್ರು. ಅಂಶ ಅಲ್ಲ ಕಲೆ ಅಂತೆ! ಒಂದು ಅಂಶಕ್ಕೆ 60 ಕಲೆ, ವೃತ್ತಕ್ಕೆ 21600 ಕಲೆ, ನಕ್ಷತ್ರಕ್ಕೆ 800, ಪಾದಕ್ಕೆ 200, ತಿಥಿಗೆ 720. ಎಲ್ಲಾ ಪೂರ್ಣಾಂಕ. ಹದಿಮೂರು ಅಂಶ ಇಪ್ಪತ್ತು ಕಲೆ ಅಂತ ಪುಸ್ತಕದಲ್ಲಿ ಓದಿ ನಾನೇ 13.33 ಮಾಡ್ಕೊಂಡಿದ್ದೆ. ಈಗ 2400 ನ 800 ರಿಂದ ಭಾಗಿಸಿದ್ರೆ ಲಬ್ಧ 3, ಶೇಷ 0, ಒಂದು ಚೂರು ಆಚೀಚೆ ಇಲ್ಲ.

ಐದನೇ_ಸೆಮ್

ನಂದು ಇನ್ನೊಂದು ಡೌಟು ಅಣ್ಣಾ. ನಮ್ಮ ಲೆಕ್ಚರರ್ ಒಬ್ಬರು ಎಫ್‌ಮಾಡ್ ಎಲ್ಲಾ ಬೇಡ, ವೈಲ್ ಲೂಪ್ ಹಾಕಿ ಭಾಜಕನ ಕಳೀತಾ ಹೋಗು, ಎಷ್ಟು ಸಲ ಕಳೆದೆ ಅಂತ ಎಣಿಸಿದ್ರೆ ಲಬ್ಧಾನೂ ಸಿಕ್ಕಿತು ಅಂದ್ರು. ಅದು ಒಂದೇ ಭಾಗಾಕಾರ ಆದಂಗೆ ಆಯ್ತಲ್ವಾ?

ನೇತ್ರಾವತಿ

ಕಲ್ಪನೆ ಸರಿ ಇದೆ, ಆದ್ರೆ ಪ್ರತಿ ಸಲ ಕಳೆಯುವಾಗ ದುಂಡಾಗ್ತದಲ್ಲ, ಅದು ಕೂಡ್ತಾ ಹೋಗ್ತದೆ. ನೀವೇ ಮಾಡಿ ನೋಡಿ, 1.0 ಯಿಂದ 0.1 ಕಳೀತಾ ಹೋಗಿ. ಲೂಪ್ 10 ಸಲ ಓಡ್ತದೆ, ಕೊನೆಗೆ ಉಳಿಯೂದು 1.39 ಗುಣಿಸು 10 ರ ಘಾತ ಮೈನಸ್ 16. ಎಫ್‌ಮಾಡ್(1.0, 0.1) ಕೊಡೂದು 0.09999999999999995. ರಿಮೇಂಡರ್(1.0, 0.1) ಮೈನಸ್ 5.55 ಗುಣಿಸು 10 ರ ಘಾತ ಮೈನಸ್ 17. ಮೂರು ದಾರಿ, ಮೂರು ಉತ್ತರ. ಡಬಲ್ ಒಳಗಿನ 0.1 ನಿಜವಾದ ಹತ್ತನೇ ಒಂದಕ್ಕಿಂತ ಚೂರು ಹೆಚ್ಚು, ಹಾಗಾಗಿ 1.0 ರಲ್ಲಿ ಅದು 9 ಸಲ ಮಾತ್ರ ಪೂರ್ತಿ ಹೋಗೂದು. ಎಫ್‌ಮಾಡ್, ರಿಮೇಂಡರ್ ಎರಡೂ ಅದನ್ನ ನೋಡಿಯೇ ಹೇಳ್ತಿವೆ, ಒಂದು 9 ಅಂತ ನಿಂತಿದೆ, ಇನ್ನೊಂದು ಹತ್ತಿರದ 10 ಕ್ಕೆ ಹೋಗಿದೆ. ಲೂಪ್ ಮಾತ್ರ ನಿಜವಾಗಿ ತಪ್ಪಿದೆ.

ಭಾಜಕ 360 ನಂತ ಪೂರ್ಣಾಂಕ ಆದ್ರೆ, ಭಾಜ್ಯ ವಿಪರೀತ ದೊಡ್ಡದಲ್ಲದಿದ್ರೆ, ಲೂಪಿನಲ್ಲೂ ನಷ್ಟ ಇಲ್ಲ, ನಿಧಾನ ಅಷ್ಟೆ. ಭಾಜ್ಯ 10 ರ ಘಾತ 20 ಇದ್ರೆ? ಅಲ್ಲಿ ಅಕ್ಕಪಕ್ಕದ ಎರಡು ಡಬಲ್‌ಗಳ ನಡುವೆ 16384 ಅಂತರ ಇರ್ತದೆ, 360 ಕಳೆದ್ರೂ ಸಂಖ್ಯೆ ಅಲ್ಲಾಡೂದಿಲ್ಲ, ಲೂಪ್ ಮುಗಿಯೂದೇ ಇಲ್ಲ.

ತುಂಗಾತೀರ ಅವರಿಗೆ ಒಂದು ಎಚ್ಚರಿಕೆ. ಚಂದ್ರ 10 ಅಂಶ, ಸೂರ್ಯ 350 ಅಂಶ ಇದ್ದಾಗ ಅಂತರ ಮೈನಸ್ 340 ಬರ್ತದೆ, ಎಫ್‌ಮಾಡ್ ಭಾಜ್ಯದ ಚಿಹ್ನೆಯನ್ನೇ ಇಟ್ಕೊಳ್ತದೆ. ಸೊನ್ನೆಗಿಂತ ಕಡಿಮೆ ಇದ್ರೆ ಒಂದು ಸುತ್ತು ಕೂಡಿಸ್ಬೇಕು, ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಎಂತದು ಅಂದ್ರೆ, ಅಮಾವಾಸ್ಯೆ ಮುಗಿಯುವ ಹೊತ್ತಿಗೆ ಶೇಷ ಮೈನಸ್ ಆಗಿದ್ದು ವಿಪರೀತ ಸಣ್ಣದಾಗಿದ್ರೆ, ಹೇಳುವ 10 ರ ಘಾತ ಮೈನಸ್ 12 ಕ್ಕಿಂತ ಸಣ್ಣದು, ಅದಕ್ಕೆ 21600 ಕೂಡಿಸಿದಾಗ ಉತ್ತರ ಸರೀ 21600 ಆಗ್ತದೆ. 720 ರಿಂದ ಭಾಗಿಸಿದ್ರೆ 30. ನಿಮ್ಮ ತಿಥಿ ಹೆಸರಿನ ಅರೇಯಲ್ಲಿ 0 ಯಿಂದ 29 ಮಾತ್ರ ಇರೂದು! ವರ್ಷಾನುಗಟ್ಟಲೆ ಸರಿ ಓಡಿ ಒಂದು ದಿನ ಕೈಕೊಡುವ ಜಾಗ ಇದು. ಕೂಡಿಸಿದ ಮೇಲೆ 21600 ಕ್ಕೆ ಸಮ ಅಥವಾ ಹೆಚ್ಚು ಇದೆಯಾ ನೋಡಿ, ಇದ್ರೆ 0 ಮಾಡಿ.

ಭಾಜಕ 0 ಆದ್ರೆ, ಭಾಜ್ಯ ಅನಂತ ಆದ್ರೆ ಉತ್ತರ ನ್ಯಾನ್, ಅಂದ್ರೆ ಸಂಖ್ಯೆಯೇ ಅಲ್ಲ ಅಂತ. ಭಾಜಕ ಅನಂತ ಆದ್ರೆ ಭಾಜ್ಯ ಹಾಗೇ ವಾಪಸ್ ಬರ್ತದೆ.

ಎಂಬೆಡೆಡ್_ಮೈಸೂರು

ಸೈನ್ ವಿಷಯ ಬಂತಲ್ಲ, ಅಲ್ಲಿಗೆ ಒಂದು ಮಾತು. ದೊಡ್ಡ ಕೋನ ಬಂದ್ರೆ ಎಫ್‌ಮಾಡ್(ಕೋನ, 2 * ಪೈ) ಮಾಡಿ ಆಮೇಲೆ ಸೈನ್‌ಗೆ ಕೊಡೋ ಅಭ್ಯಾಸ ಕೆಲವರಿಗಿದೆ. ಬೇಡ. ಡಬಲ್‌ನಲ್ಲಿರೋ ಪೈ ನಿಜವಾದ ಪೈಗಿಂತ ಸುಮಾರು 1.22 ಗುಣಿಸು 10 ರ ಘಾತ ಮೈನಸ್ 16 ಕಡಿಮೆ, ಪ್ರತಿ ಸುತ್ತಿಗೆ ಅದರ ಎರಡರಷ್ಟು ತಪ್ಪು ಸೇರ್ತಾ ಹೋಗತ್ತೆ. 10 ರ ಘಾತ 22 ರೇಡಿಯನ್ ಕೊಟ್ರೆ ಸುತ್ತುಗಳೇ 10 ರ ಘಾತ 21 ದಾಟತ್ತೆ, ತಪ್ಪು ಲಕ್ಷಗಟ್ಟಲೆ ರೇಡಿಯನ್ ಆಗತ್ತೆ, ಉತ್ತರದಲ್ಲಿ ಒಂದು ಅಂಕಿಯೂ ಉಳಿಯಲ್ಲ. ಜಿಲಿಬ್‌ಸಿಯ ಸೈನ್‌ಗೆ ನೇರ ಕೊಟ್ರೆ ಮೈನಸ್ 0.8522 ಅಂತ ಸರಿಯಾಗಿ ಬರತ್ತೆ, ಅದರೊಳಗೆ ಪೈನ ತುಂಬಾ ಉದ್ದದ ಅಂಕಿಗಳನ್ನ ಇಟ್ಕೊಂಡಿರ್ತಾರೆ.

ಮಲಪ್ರಭಾ

ತುಂಗಾತೀರ, ಒಂದು ಕೇಳ್ತೀನಿ, ಚಂದ್ರನ ಸ್ಥಾನ ಎಲ್ಲಿಂದ ತಗೋತೀರಿ? ಅಜ್ಜಾರು ಸೂರ್ಯಸಿದ್ಧಾಂತದ ಪ್ರಕಾರ ಅಹರ್ಗಣದಿಂದ (ಕಲಿ ಶುರು ಆದಾಗಿಂದ ಎಣಿಸಿದ ದಿನ) ಮಾಡ್ತಿದ್ರ ಅಲ್ಲೂ ಇದ ಲಬ್ಧ ಶೇಷದ ಲೆಕ್ಕ ಐತಿ, ಅಲ್ಲೂ ಒಂದು ಹೊಂಡ ಐತಿ.

ತುಂಗಾತೀರ

ಹೌದು ಮೇಡಂ, ಅಹರ್ಗಣದಿಂದಲೇ. ದಿನದ ಗತಿ 13.176352 ಅಂತ ಫ್ಲೋಟ್‌ನಲ್ಲಿ (32 ಬಿಟ್‌ನ ದಶಾಂಶ) ಇಟ್ಟು, ದಿನಗಳಿಂದ ಗುಣಿಸಿ, ಫ್ಲೋಟ್‌ಗಿರೋ ಎಫ್‌ಮಾಡ್‌ಎಫ್ ಹಾಕಿ 360 ರಿಂದ ಶೇಷ ತಗೊಂಡೆ. ಅಜ್ಜನ ಮಧ್ಯಮ ಚಂದ್ರನಿಗೂ (ಸರಾಸರಿ ಗತಿಯಿಂದ ಬರೋ ಸ್ಥಾನ) ನಂದಕ್ಕೂ ಕೆಲವು ದಿನ ಒಂದು ಅಂಶ ಹೆಚ್ಚುಕಮ್ಮಿ ಬರ್ತಿದೆ, ಕೇಳೋಣ ಅಂತಿದ್ದೆ ನೀವೇ ಕೇಳಿದ್ರಿ.

ಮಲಪ್ರಭಾ

ಅದ ಹೊಂಡ ನೋಡ್ರಿ. ಕಲಿ ಶುರು ಆಗಿದ್ದು ಕ್ರಿ.ಪೂ. 3102 ರಾಗ, ಅಲ್ಲಿಂದ ಇವತ್ತಿನತನಕ 18 ಲಕ್ಷ 70 ಸಾವಿರದ ಮ್ಯಾಲ ದಿನ ಆಗ್ಯಾವ. 13.176352 ರಿಂದ ಗುಣಿಸಿದ್ರ 2 ಕೋಟಿ 46 ಲಕ್ಷ ಅಂಶ. ಫ್ಲೋಟ್ ಒಳಗ 1 ಕೋಟಿ 67 ಲಕ್ಷ ದಾಟಿದ ಮ್ಯಾಲ ಬೆಸ ಸಂಖ್ಯಾನ ಹಿಡಿಯಾಕ ಬರೂದಿಲ್ಲ, ಎರಡೆರಡ ಅಂಶದ ಹೆಜ್ಜಿ. ಗತಿಯೊಳಗಿನ ಸಣ್ಣ ತಪ್ಪು 18 ಲಕ್ಷ ಪಟ್ಟು ಬೆಳದು ಅದೂ ಅರ್ಧ, ಒಂದು ಅಂಶದ ಆಸುಪಾಸು ಬರ್ತೈತಿ. ಎಫ್‌ಮಾಡ್‌ಎಫ್ ಪಾಪ ಸರಿಯಾಗೇ ಶೇಷ ತಗೀತೈತಿ, ಆದ್ರ ಅದರ ಕೈಗೆ ಬರೂದ್ರೊಳಗ ಸಂಖ್ಯಾ ಕೆಟ್ಟಿರ್ತೈತಿ. ಚಂದ್ರ ಒಂದು ಅಂಶ ದಾಟಾಕ ಎರಡು ತಾಸಿಗೆ ಸ್ವಲ್ಪ ಕಡಿಮಿ, ತಿಥಿ ಮುಗಿಯೂ ಹೊತ್ತು ಅಷ್ಟು ತಪ್ಪಿದ್ರ ಹೆಂಗ?

ಸಿದ್ಧಾಂತದಾಗ ಕೊಟ್ಟಂಗನ ಮಾಡ್ರಿ, ಗತಿ ಅಂತ ದಶಾಂಶ ಮಾಡಾಕ ಹೋಗಬ್ಯಾಡ್ರಿ. ಒಂದು ಮಹಾಯುಗಕ್ಕ ಚಂದ್ರನ ಭಗಣ (ಪೂರ್ತಿ ಸುತ್ತು) 57753336, ಸಾವನ ದಿನ (ಸೂರ್ಯೋದಯದಿಂದ ಸೂರ್ಯೋದಯದ ದಿನ) 1577917828. ಅಹರ್ಗಣಾನ ಭಗಣದಿಂದ ಗುಣಿಸ್ರಿ, ಸಾವನ ದಿನದಿಂದ ಭಾಗಿಸ್ರಿ. ಲಬ್ಧ ಅಂದ್ರ ಚಂದ್ರ ಸುತ್ತಿದ ಪೂರ್ತಿ ಸುತ್ತು, 68 ಸಾವಿರದ ಚಿಲ್ಲರ ಬರ್ತೈತಿ, ಅದನ್ನ ಬಿಟ್ಟಬಿಡ್ರಿ. ಶೇಷಾನ 21600 ರಿಂದ ಗುಣಿಸಿ ಮತ್ತ ಸಾವನ ದಿನದಿಂದ ಭಾಗಿಸಿದ್ರ ಕಲೆ. ಗುಣಲಬ್ಧ 10 ರ ಘಾತ 14 ರಷ್ಟು, 32 ಬಿಟ್ ಇಂಟ್‌ಗೆ ಹಿಡಿಸೂದಿಲ್ಲ, ಲಾಂಗ್ ಲಾಂಗ್ ಹಾಕಿ ಪರ್ಸೆಂಟ್ ಚಿಹ್ನೆ ಬಳಸ್ರಿ. ಡಬಲ್ ಹಾಕಿ ಎಫ್‌ಮಾಡ್ ಮಾಡಿದ್ರೂ ಒಂದು ಚೂರೂ ತಪ್ಪಿಲ್ಲ, ಯಾಕಂದ್ರ ಡಬಲ್ ಒಳಗ 9007199254740992 ತನಕ ಎಲ್ಲಾ ಪೂರ್ಣಾಂಕ ಸರಿ ಕೂಡ್ತಾವ. ದಶಾಂಶ ಇಲ್ಲದ ಕಾಲದಾಗ ಅವರು ಹಿಂಗ ಬರದಿಟ್ಟಾರ, ಇವತ್ತಿನ ಯಂತ್ರಕ್ಕೂ ಅದ ಚಲೋ ದಾರಿ ಅನ್ನೂದು ನಂಗ ಪ್ರತಿ ಸಲ ಖುಷಿ ಕೊಡ್ತೈತಿ.

ತುಂಗಾತೀರ

ಎಲ್ಲಾ ಬದಲಾಯಿಸಿ ಆಯ್ತು. ಮಧ್ಯಮ ಚಂದ್ರನಿಗೆ ಲಾಂಗ್ ಲಾಂಗ್, ಆಮೇಲಿನದೆಲ್ಲ ಕಲೆಯಲ್ಲಿ ಡಬಲ್. ಶೇಷ, ಲಬ್ಧ ಎರಡನ್ನೂ ಕೊಡೋ ಒಂದೇ ಫಂಕ್ಷನ್ ಬರ್ಕೊಂಡೆ, ಒಳಗೆ ಎಫ್‌ಮಾಡ್, ಕಡಿಮೆ ಇದ್ರೆ ಕೂಡಿಸೋದು, ನೇತ್ರಾವತಿಯವರು ಹೇಳಿದ 21600 ರ ಪರೀಕ್ಷೆ, ಕೊನೆಗೆ ರೌಂಡ್. ತಿಥಿಗೆ 720, ನಕ್ಷತ್ರಕ್ಕೆ 800, ಚಂದ್ರ ಸೂರ್ಯ ಎರಡನ್ನೂ ಕೂಡಿಸಿ 800 ರಿಂದ ಭಾಗಿಸಿದ್ರೆ ಯೋಗ, ಕರಣಕ್ಕೆ ಅರ್ಧ ತಿಥಿ 360. ನಾಲ್ಕಕ್ಕೂ ಅದೇ ಫಂಕ್ಷನ್, ಭಾಜಕ ಮಾತ್ರ ಬೇರೆ.

ನಿನ್ನೆ ಸಂಜೆ ಅಜ್ಜನ ಪಕ್ಕ ಕೂತು ಕಳೆದ ತಿಂಗಳ ಮೂವತ್ತೂ ದಿನ ಒಂದೊಂದಾಗಿ ಓದಿ ಹೇಳ್ದೆ, ಫೋನಿಂದೂ ಲ್ಯಾಪ್‌ಟಾಪಿಂದೂ. ಅವರು ಹಳೇ ನೋಟ್‌ಬುಕ್ ಮೂಗಿನ ಹತ್ರ ಹಿಡ್ಕೊಂಡು ಹೂಂ, ಹೂಂ ಅಂತಾ ಹೋದ್ರು. ಒಂದು ಕಡೆ ಮಾತ್ರ ನಿಂತ್ರು, ಶೇಷ ಎಷ್ಟು ಇನ್ನೊಂದ್ಸಲ ಹೇಳು ಅಂದ್ರು, ಹೇಳ್ದೆ, ಬಳಪ ತಗೊಂಡು ಸ್ಲೇಟಲ್ಲಿ ಭಾಗಿಸಿ ನೋಡಿ ತಮ್ಮ ನೋಟ್‌ಬುಕ್ಕಲ್ಲೇ ಒಂದು ಅಂಕಿ ತಿದ್ದಿದ್ರು.